ಒಂದೇ ಚೌಕದೊಳಗೆ

ಎಣ್ಣೆ ಇನ್ನೂ ಹದಕ್ಕೆ ಬಂದಿಲ್ಲ, ಚಿಟಿಕೆ ಹಿಟ್ಟು ಹಾಕಿದರೆ ತಳಕ್ಕೆ ಹೋಗಿ ಕೂತಿದೆ, ಮೇಲೇಳಲಿ, ಎದ್ದ ಮೇಲೆ ತಟ್ಟುವುದು, ಬಾಳೆಲೆಗೆ ತುಪ್ಪ ಸವರಿಕೊಂಡು ಅಂಗೈಯಗಲ, ತೀರ ತೆಳುವಾದರೆ ಕಜ್ಜಾಯ ಗಟ್ಟಿಯಾಗುತ್ತದೆ, ಚಲುವಿಗೆ ಮೆತ್ತಗಿರಬೇಕು, ನಾಳೆ ಅವಳ ಮನೆಗೆ ಗುದ್ದಲಿ ಪೂಜೆ, ನನ್ನ ತಂಗಿಯ ಮನೆ, ನಮ್ಮ ಕಬ್ಬಿನ ಗದ್ದೆಯ ತುದಿಯಲ್ಲಿ, ಹೊಳೆಯಿಂದ ಒಂದು ಕೂಗಳತೆಯೂ ಇಲ್ಲ — ಹಿಟ್ಟು ಎದ್ದಿತು, ಸುತ್ತ ಸಣ್ಣ ಗುಳ್ಳೆ — ಆ ಜಾಗವೇ ಹೇಮಳ ನಕ್ಷೆಯಲ್ಲಿ ಕೆಂಪಗಿದೆ. ನಿನ್ನೆ ಸಂಜೆ ಅದನ್ನು ನೋಡಿದಾಗಿನಿಂದ ಕೈ ಒಂದು ಕಡೆ, ಮನಸ್ಸು ಒಂದು ಕಡೆ. ಹೇಮಶ್ರೀ ನನ್ನ ಮೈದುನನ ಮಗಳು, ಪಾಂಡವಪುರದಲ್ಲಿ ಬೆಳೆದವಳು, ಎರಡು ಜಡೆ ಹಾಕಿಕೊಂಡು ಬಂದು ನನ್ನ ತೊಡೆಯ ಮೇಲೆ ಮಲಗುತ್ತಿದ್ದ ಕೂಸು, ಈಗ ಮೈಸೂರಿನಲ್ಲಿ ಸಂಶೋಧನೆ ಮಾಡುತ್ತಾಳೆ, ನೆರೆ ಬಂದರೆ ನೀರು ಎಲ್ಲಿಯವರೆಗೆ ಹತ್ತೀತು ಅನ್ನುವುದರ ನಕ್ಷೆ, ಅದಕ್ಕೆ ಬೇಕಾದ ಮಳೆಯ ಲೆಕ್ಕ ಆಕಾಶದಿಂದ ಬರುತ್ತದಂತೆ. ಒಂದೂವರೆ ವರ್ಷದ ಹಿಂದೆ ಅಮೆರಿಕದವರೂ ಜಪಾನಿನವರೂ ಸೇರಿ ಒಂದು ಉಪಗ್ರಹ ಹಾರಿಸಿದ್ದಾರೆ, ಅದು ಚಳಿದೇಶಗಳ ಕಡೆ ತಲೆಯೂ ಹಾಕುವುದಿಲ್ಲ, ನಮ್ಮಂಥ ಬಿಸಿಲ ಸೀಮೆಯ ಮೇಲೇ ಸುತ್ತುತ್ತದೆ, ಮೋಡದ ಒಳಗೆ ಎಷ್ಟು ನೀರಿದೆ ಅಂತ ನೋಡಿ ಹೇಳುತ್ತದೆ, ಬಸುರಿಯ ಹೊಟ್ಟೆಗೆ ಸೂಲಗಿತ್ತಿ ಕೈಯಿಟ್ಟು ಹೇಳುವ ಹಾಗೆ. ನಾನು ಹಾಗಂದಾಗ ಹೇಮ ಬಾಯಿ ತೆರೆದು ನೋಡಿದಳು, ಆಮೇಲೆ ನಕ್ಕಳು, ನಮ್ ಸಾರೂ ಇಷ್ಟ್ ಚೆನ್ನಾಗಿ ಏಳ್ಕೊಡ್ಲಿಲ್ಲ ಕಣ್ ದೊಡ್ಡವ್ವ. ಇದೊಂದು ಆಯಿತು, ಎರಡು ಸೌಟಿನ ನಡುವೆ ಒತ್ತಿ ಎಣ್ಣೆ ಸುರಿಸಬೇಕು, ಎಷ್ಟು ಚೆಂದದ ಬಣ್ಣ.

ಮೊದಲು ಬಿಚ್ಚಿದ್ದು ಮಳೆಯ ಹಾಳೆ, ಅದರ ತುಂಬ ಚೌಕಗಳು, ಒಂದೊಂದಕ್ಕೆ ಒಂದೊಂದು ನೀಲಿ, ಮಳೆ ಹೆಚ್ಚಾದ ಕಡೆ ಕಡುನೀಲಿ, ಕಮ್ಮಿಯಾದ ಕಡೆ ಒಗೆದು ಒಗೆದು ಬಣ್ಣ ಹೋದ ಲಂಗದಂಥ ನೀಲಿ. ನಮ್ಮೂರು ಎಲ್ಲದೆ ಅಂದೆ. ಬೆರಳಿಟ್ಟು ತೋರಿಸಿದಳು, ಶ್ರೀರಂಗಪಟ್ಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಎಲ್ಲಾ ಇದೊಂದೇ ಚೌಕದೊಳಗವೆ ದೊಡ್ಡವ್ವ, ಇನ್ನೂ ಜಾಗ ಮಿಕ್ಕದೆ. ಒಂದೇ ಚೌಕ! ನನ್ನನ್ನು ಈ ಹೊಳೆದಂಡೆಗೆ ಕೊಟ್ಟರು, ಚಲುವಿಯನ್ನು ನಾಗಮಂಗಲದ ಆ ಕಡೆಯ ಹಳ್ಳಿಗೆ, ಕೆರೆ ಒಣಗಿದರೆ ಕೆರೆಯಂಗಳದಲ್ಲೇ ಗುಂಡಿ ತೋಡಿ ಬಟ್ಟಲಲ್ಲಿ ಮೊಗೆದು ಕೊಡ ತುಂಬಿಸುವ ಊರಿಗೆ, ಬಾಣಂತನಕ್ಕೆ ಹೋದಾಗ ನೋಡಿದ್ದೇನೆ, ಕೊಡ ಅರ್ಧ ತುಂಬುವಷ್ಟರಲ್ಲಿ ಬಿಸಿಲು ನೆತ್ತಿಗೇರುತ್ತಿತ್ತು, ಅಲ್ಲಿಂದ ಬಂದು ನಮ್ಮ ಹೊಳೆಯ ಸೋಪಾನಕಟ್ಟೆಯಲ್ಲಿ ನಿಂತರೆ ಅವಳು ನೀರನ್ನೇ ನೋಡುತ್ತಿದ್ದಳು. ನಾವಿಬ್ಬರೂ ಎಷ್ಟು ದೂರ ಅಂದುಕೊಂಡಿದ್ದೆ, ಮೇಲಿನಿಂದ ನೋಡುವವರಿಗೆ ನಾವು ಅಗಲಲೇ ಇಲ್ಲ. ಈಗ ಅವಳ ಗಂಡ ತಮ್ಮಯ್ಯನಿಗೆ ಮೈಸೂರಿನ ಬಸ್ ಡಿಪೋಗೆ ವರ್ಗವಾಗಿದೆ, ನಾನೇ ಇವರ ಬೆನ್ನು ಹತ್ತಿ ಗದ್ದೆಯ ತುದಿ ಕೊಡಿಸಿದೆ, ಇವರೂ ಕೊನೆಗೆ ಒಪ್ಪಿ ಕೊಟ್ಟರು, ಚಲುವಿ ನನ್ನ ಕೈ ಹಿಡಿದುಕೊಂಡು ಅಂದಳು, ಅಕ್ಕ, ಮಲಗಿದ್ರೆ ಹೊಳೆ ಸದ್ದು ಕೇಳ್ಬೇಕು ಕಣಕ್ಕ, ಇಷ್ಟು ವರ್ಷ ಬರೀ ಕೊಡದ ಸದ್ದೇ ಕೇಳಿದ್ದಾಯ್ತು.

ಇವರು ನಿನ್ನೆ ಜಗಲಿಯಲ್ಲಿ ಕೂತು ಹೇಮಳನ್ನು ಕೆಣಕಿದ್ದೇ ಕೆಣಕಿದ್ದು, ಏನಮ್ಮಿ, ಮೇಲೆ ತಿರುಗೋ ಡಬ್ಬಕ್ಕೆ ನಮ್ ಗದ್ದೆ ಬದ ಕಾಣ್ತದಾ, ಕಂಡ್ರೆ ಆ ಪಕ್ಕದ ಗದ್ದೆ ನರಸಯ್ಯ ಎಷ್ಟು ಒತ್ತವ್ನೆ ಕೇಳೇಳು. ಅವಳೇನು ಕಮ್ಮಿ, ಅದಕ್ ನೀವೇ ಸಾಕು ದೊಡ್ಡಪ್ಪ, ಬೆಳಗಾದ್ರೆ ಬದದ ಮೇಲೇ ನಿಂತಿರ್ತೀರ. ಆಮೇಲೆ ನಗು ನಿಲ್ಲಿಸಿ ಹೇಳಿದಳು, ಅದಕ್ಕೆ ಗದ್ದೆ ಕಾಣಲ್ಲ, ಚೌಕ ತುಂಬಾ ದೊಡ್ಡದು, ಅದೇ ಅದರ ತೊಂದರೆ, ಅದಕ್ಕೇ ಪಕ್ಕದ ಚೌಕದ ಮಳೆ ತಗಂಡೆ, ಕೊಡಗಿಂದು, ಆ ಮಳೆ ಎಲ್ಲಾ ಒಟ್ಟಿಗೆ ಹೊಳೆಗಿಳಿದ್ರೆ ಎಷ್ಟು ನೀರು, ನಮ್ಮ ನೆಲದ ಏರು ತಗ್ಗು ಎಷ್ಟು, ಎರಡೂ ಕೂಡಿಸಿ ಈ ಇನ್ನೊಂದು ನಕ್ಷೇಲಿ ನೀರು ಅತ್ತೋ ಕಡೆ ಕೆಂಪು ಬಣ್ಣ ಹಾಕ್ದೆ. ಮೇಲ್ಗಡೆ ಅಣೆಕಟ್ಟೆ ಇಲ್ವೇನಮ್ಮಿ ತಡ್ಯಕ್ಕೆ ಅಂದರು ಇವರು. ಕಟ್ಟೆ ತುಂಬಿದ್ಮೇಲೆ ಬಂದಿದ್ದ ಬಂದಂಗೆ ಬುಡ್ಲೇಬೇಕಲ್ವಾ ದೊಡ್ಡಪ್ಪ. ಒಂದ್ಸಲ ಬಂದಿತ್ತು, ಓಯ್ತು, ಆಮ್ಯಾಕೆ ಬಂದಿಲ್ವಲ್ಲ, ಅಂತ ಟವಲು ಕೊಡವಿ ಎದ್ದುಹೋದರು. ಹೇಮ ಮೆತ್ತಗೆ ನನಗೆ ಮಾತ್ರ ಅಂದಳು, ವರ್ಷಾ ವರ್ಷಾ ಬರ್ತದೆ ಅಂತಲ್ಲ, ಬರೋ ಜಾಗ ಅಂತ. ಆ ಒಂದು ಸಲ — ಅಯ್ಯೋ ಇದು ಕಪ್ಪಗಾಯಿತು, ತೆಗಿ ತೆಗಿ — ಆ ಒಂದು ಸಲ ನಾನು ಹೊಸ ಸೊಸೆ, ಗದ್ದೆಯ ತುದಿಯಲ್ಲಿ ಎರಡು ಹೊಂಗೆ ಮರಗಳ ನಡುವೆ ಹಗ್ಗ, ಅದರ ಮೇಲೆ ನನ್ನ ಧಾರೆ ಸೀರೆ, ಒಗೆದು ಹರವಿದ್ದು. ಸುಡು ಬಿಸಿಲು, ಒಂದು ತುಣುಕು ಮೋಡವಿಲ್ಲ, ಹಸು ನೆರಳಿಗೆ ನಿಂತಿದೆ, ಒಣಗಿತೇನೋ ಅಂತ ಹೋಗಿ ನೋಡಿದರೆ ಸೀರೆಯ ಕೆಳಗೆ ನೀರು, ಸದ್ದಿಲ್ಲದೆ ಬಂದು ನಿಂತಿರುವ ಕೆನ್ನೀರು, ಮೇಲುಸೆರಗು ಗರಿಗರಿ ಒಣಗಿದೆ, ಕೆಳಗಿನ ಅಂಚು ನೀರಲ್ಲಿ ಓಲಾಡುತ್ತಿದೆ. ಅತ್ತೆ ಸೋಮಮ್ಮ ಓಡಿಬಂದು ನನ್ನ ರೆಟ್ಟೆ ಹಿಡಿದೆಳೆದರು, ಸೀರೆ ಬುಡು ಕಣವ್ವ, ಕೊಡಗಲ್ಲಿ ಉಯ್ದದೆ. ಎಲ್ಲೋ ಉಯ್ದ ಮಳೆ, ಕಣ್ಣಿಗೆ ಕಾಣದ ಮಳೆ, ಅದನ್ನು ನೋಡಲು ಒಂದು ಕಣ್ಣು ಈಗ ಮೇಲೆ ಇದೆ, ಹೇಮ ಆಗ ಹುಟ್ಟಿರಲಿಲ್ಲ, ನಾನು ಈ ಸೀರೆಯ ಮಾತು ಅವಳಿಗೆ ಎಂದೂ ಹೇಳಿದವಳಲ್ಲ, ಆದರೂ ಅವಳ ಕೆಂಪು ಆ ಹೊಂಗೆ ಮರಗಳನ್ನು ದಾಟಿ ನಾಲ್ಕು ಮಾರು ಮೇಲೆ ಬಂದು ನಿಂತಿದೆ, ಆ ದಿನ ನೀರು ಕೊನೆಗೆ ಬಂದು ನಿಂತಿದ್ದ ಜಾಗದಲ್ಲೇ. ಎಂಥ ಹುಡುಗಿ! ಅವಳಿಗೆ ದೃಷ್ಟಿಯಾದೀತು, ರಾತ್ರಿ ಉಪ್ಪು ನಿವಾಳಿಸಬೇಕು. ಆ ಮರಗಳ ಬಲಕ್ಕೇ ನಾಳೆ ಚಲುವಿಯ ಮನೆಯ ಗೂಟ.

ಹೇಳಿಬಿಡಲೇ? ಚಲುವಿಗೆ ಹೇಳಿದರೆ ಅವಳ ಮುಖ ಹೇಗಾಗುತ್ತದೆ ನನಗೆ ಗೊತ್ತು, ನಾ ಪಕ್ಕಕ್ಕೆ ಬರೋದು ಬ್ಯಾಡ ಅಂತಿದ್ರೆ ಬಾಯ್ಬುಟ್ಟು ಏಳಕ್ಕ, ಬಣ್ಣದ ಕಾಗದ ಯಾಕ್ ತೋರುಸ್ತೀಯ. ಇವರಿಗೆ ಹೇಳಿದರೆ, ಕೊಟ್ಟ ಜಾಗ ಕಿತ್ಕೊಂಡ್ರು ಅನ್ನಲ್ವಾ ಜನ. ಹೇಳದೆ ಸುಮ್ಮನಿದ್ದರೆ — ಆಷಾಢದ ಒಂದು ಬಿಸಿಲ ಮಧ್ಯಾಹ್ನ, ಚಲುವಿ ಮಲಗಿದ್ದಾಳೆ, ಹೊಳೆಯ ಸದ್ದು ಕೇಳಿಸುತ್ತಿದೆ, ಹತ್ತಿರ ಕೇಳಿಸುತ್ತಿದೆ, ಇನ್ನೂ ಹತ್ತಿರ, ಆಹಾ ಅಂತ ಮಗ್ಗುಲಾಗುತ್ತಾಳೆ. ಬೇಡ. ನಕ್ಷೆಯಲ್ಲಿ ಬಣ್ಣವಿಲ್ಲದ ಒಂದು ತುಂಡು ಇತ್ತು, ಕೆಂಪಿನ ಪಕ್ಕದಲ್ಲೇ ಬೆಳ್ಳಗೆ, ಇದ್ಯಾಕಮ್ಮಿ ಇಂಗೆ ಬುಟ್ಟಿದ್ದೀಯ ಅಂದರೆ, ಅದು ನಿಮ್ ಅಳೇ ಕಣದ ದಿಬ್ಬ ಅಲ್ವಾ ದೊಡ್ಡವ್ವ, ಅಲ್ಲಿಗೆ ನೀರು ಅತ್ತಲ್ಲ, ಅಂದಳು. ದಿಬ್ಬ ನನ್ನದು. ಅತ್ತೆ ಸಾಯುವ ಮುಂಚೆ ನನ್ನ ಹೆಸರಿಗೆ ಬರೆಸಿದರು, ಎಂಗ್ಸಿಗೆ ಕಾಲೂರಕ್ಕೆ ಒಂದ್ ಜಾಗ ಇರ್ಬೇಕು ಕಣವ್ವ ಅಂದು. ನಾನು ಅಲ್ಲಿ ಏನೂ ಬೆಳೆಯಲಿಲ್ಲ, ಏನೂ ಕಟ್ಟಲಿಲ್ಲ, ಸಂಜೆ ಡೈರಿಗೆ ಹಾಲು ಹಾಕಿ ಬಂದು ಸುಮ್ಮನೆ ಕೂರುತ್ತೇನೆ ಅಷ್ಟೆ, ಕಾಲು ಚಾಚಿಕೊಂಡು, ಅಲ್ಲಿ ಯಾರೂ ನನ್ನನ್ನು ಕೂಗುವುದಿಲ್ಲ, ಸಾರಿಗೆ ಏನು ಅಂತ ಕೇಳುವುದಿಲ್ಲ, ಅಷ್ಟು ಹೊತ್ತು ನಾನು ಯಾರ ಏನೂ ಅಲ್ಲ. ಅಲ್ಲಿ ಚಲುವಿಯ ಮನೆ ಎದ್ದರೆ ಅವಳ ಕೋಳಿ, ಅವಳ ರೇಡಿಯೋ, ಅಕ್ಕಾ ಬಂದ್ಯಾ, ಕಾಫಿ ಇಡ್ಲಾ. ತಂಗಿ ಹತ್ತಿರ ಬರಲಿ ಅಂತ ಇಷ್ಟು ವರ್ಷ ಹಂಬಲಿಸಿದವಳಿಗೆ ಅಷ್ಟು ಹತ್ತಿರ ಬೇಡ ಅನಿಸುತ್ತದೆ ನೋಡು, ಮನಸ್ಸು ಎಂಥದು. ದೊಡ್ಡವ್ವ, ಏನೋ ಸೀಯ್ತಾದಲ್ಲ, ಹೇಮ ಒಳಗಿನಿಂದ ಕೂಗುತ್ತಾಳೆ. ಏನಿಲ್ಲ ಬುಡವ್ವ, ಒಂದು ಕರಿಕಾಯ್ತು. ಕೊನೆಯ ಉಂಡೆ, ತಟ್ಟು, ಬಿಡು. ರಂಗೋಲಿ ಹಾಕಿ ದೀಪ ಹಚ್ಚಿದ ಮೂಲೆಯನ್ನು ಯಾರೂ ಕದಲಿಸುವುದಿಲ್ಲ, ಪೂಜಾರಪ್ಪನೂ ಕದಲಿಸುವುದಿಲ್ಲ, ಇವರಂತೂ ದೇವರ ಭಯಕ್ಕೆ ಹತ್ತಿರವೇ ಬರುವುದಿಲ್ಲ. ಬೆಳಕು ಹರಿಯುವ ಮುಂಚೆ ಎದ್ದು ಹೋಗುತ್ತೇನೆ, ದಿಬ್ಬದ ಈಶಾನ್ಯ ಮೂಲೆ ಸಾರಿಸಿ, ರಂಗೋಲಿ ಬಿಟ್ಟು, ಗೂಟ ನಾನೇ ಹೊಡೆದು, ಅರಿಶಿನ ಕುಂಕುಮವಿಟ್ಟು ದೀಪ ಹಚ್ಚಿಬಿಡುತ್ತೇನೆ, ಎಲ್ಲರೂ ಬರುವ ಹೊತ್ತಿಗೆ ಅದು ಅಲ್ಲೇ ಇರುತ್ತದೆ, ಬೈದರೆ ಬೈಯಲಿ. ಒಲೆ ಆರಿಸಬೇಕು. ದಿಬ್ಬದ ಮೇಲೂ ಚಲುವಿಯ ಬಾಗಿಲು ಮೂಡಲಿಗೇ ಆಗುತ್ತದೆ, ಹೊಸಿಲ ಮೇಲೆ ಕೂತರೆ ಹೊಳೆ ಉದ್ದಕ್ಕೂ ಕಾಣುತ್ತದೆ, ಬಿಸಿಲಿಗೆ ಫಳಫಳ, ತಿರುವಿನವರೆಗೂ ಕಾಣುತ್ತದೆ, ಸದ್ದು ಮಾತ್ರ ಅಲ್ಲಿಯವರೆಗೆ ಬರುವುದಿಲ್ಲ.