ನಾಲ್ಕು ಮಡಿಕೆಯ ಕಾಗದ

"ಅಕ್ಕಾರ, ನನಗ ಇಂಟರ್‌ವ್ಯೂ ಬಂದೈತ್ರಿ!"

ನೆಗೆಣ್ಣಿ ಶಿವದೇವಿ ಕಾಗದ ಹಿಡಿದು ಒಳಗೆ ಓಡಿಬಂದಾಗ ಕಮಲಾಕ್ಷಿ ತನಗೆ ಬಂದ ಕಾಗದವನ್ನು ಮೂರನೆಯ ಸಲ ಓದುತ್ತಿದ್ದಳು. ರಸಾಯನಶಾಸ್ತ್ರ, ತೊಂಬತ್ತನಾಲ್ಕು. ಸಹಜ ಜಾಣ್ಮೆ ಅಳೆಯುವ ಆಪ್ಟಿಟ್ಯೂಡ್, ಐವತ್ತೆಂಟು. ಯಾವುದೇ ಒಂದರಲ್ಲಿ ಅರವತ್ತು ದಾಟದಿದ್ದರೂ ಸಂದರ್ಶನವಿಲ್ಲ.

ಶಿವದೇವಿಗೆ ರಸಾಯನಶಾಸ್ತ್ರದಲ್ಲಿ ಬರೀ ಅರವತ್ತೊಂದು. ಅದನ್ನೂ ರೊಟ್ಟಿ ಬಡಿಯುತ್ತ ಕಲಿಸಿದವಳು ಕಮಲಾಕ್ಷಿಯೇ. ಆಪ್ಟಿಟ್ಯೂಡಿನಲ್ಲಿ ಮಾತ್ರ ತೊಂಬತ್ತಾರು. ಇಬ್ಬರೂ ಪರೀಕ್ಷೆ ಬರೆದಿದ್ದ ಕಾರ್ಖಾನೆಯ ಪ್ರಯೋಗಶಾಲೆಯಲ್ಲಿದ್ದುದು ಒಂದೇ ಹುದ್ದೆ. ಜುಲೈ ಬಂದರೆ ಕಮಲಾಕ್ಷಿಯ ವಯೋಮಿತಿ ಮುಗಿಯುತ್ತಿತ್ತು.

ಅತ್ತೆ ಗುರುಬಾಯಿ ಕಾಚಿಗೂಡದ ಆ ವಠಾರಕ್ಕೆಲ್ಲ ಕೇಳುವಂತೆ ಪಕ್ಕದ ಮನೆಯವರಿಗೆ ಹೇಳುತ್ತಿದ್ದರು: "ದೊಡ್ಡಾಕಿ ಭಾಳ ಓದ್ತಾಳ, ಖರೆ. ಸಣ್ಣಾಕಿ ಹುಟ್ಟಾ ಹುಷಾರ್ ನೋಡ್ರಿ!"

ಆ 'ಹುಟ್ಟಾ' ಎಂಬ ಮಾತು ಕಮಲಾಕ್ಷಿಗೆ ಚುಚ್ಚಿತು. ಕಾಗದವನ್ನು ನಾಲ್ಕು ಮಡಿಕೆ ಮಾಡಿ ಕತ್ತರಿಸಿ ಬಿಚ್ಚಿದರೆ ತೂತುಗಳು ಎಲ್ಲಿರುತ್ತವೆ? ಆಪ್ಟಿಟ್ಯೂಡಿನಲ್ಲಿ ಅಂಥವೇ ಹದಿನೈದು ಪ್ರಶ್ನೆಗಳಿದ್ದವು. ಕೋಠಿಯ ಫುಟ್‌ಪಾತಿನಲ್ಲಿ ಕೊಂಡ ಗೈಡನ್ನು ಅವಳು ಎರಡು ಸಲ ಮುಗಿಸಿದ್ದಳು. ಶಿವದೇವಿ ಅದನ್ನು ತೆರೆದೂ ನೋಡಿರಲಿಲ್ಲ. ಓದದೆ ಹೋದದ್ದನ್ನು ಮತ್ತೆ ಓದಬಹುದು. ಹುಟ್ಟಿನಲ್ಲೇ ಇಲ್ಲದ್ದನ್ನು ಎಲ್ಲಿಂದ ತರುವುದು?

"ಸೋಮವಾರ ಹೋಗ್ಬೇಕ್ರಿ ಅಕ್ಕಾರ. ಟೈಟ್ರೇಷನ್ ಪ್ರಯೋಗ ಇನ್ನೊಮ್ಮೆ ಹೇಳಿಕೊಡ್ರಿ."

"ಹುಟ್ಟಾ ಹುಷಾರ್ ಇದ್ದಾಕಿಗೆ ನಾ ಏನ್ ಹೇಳಿಕೊಡಲೆವ್ವಾ?"

ಶಿವದೇವಿಯ ಮುಖ ಸಣ್ಣದಾಯಿತು. ಅತ್ತೆಯ ಕುಪ್ಪಸಕ್ಕೆಂದು ತಂದಿದ್ದ ಗುಳೇದಗುಡ್ಡದ ಖಣವನ್ನು ಚಾಪೆಯ ಮೇಲೆ ಹರವಿ, ನಾಲ್ಕು ಮಡಿಕೆ ಮಾಡಿ, ಗುರುತೂ ಹಾಕದೆ ಕತ್ತರಿ ಆಡಿಸಿದಳು. ಬಿಚ್ಚಿದಾಗ ಕೊರಳು, ಕಂಕುಳು ಎಲ್ಲ ಇರಬೇಕಾದಲ್ಲೇ ಇದ್ದವು.

ಕಮಲಾಕ್ಷಿ ಆ ಬಟ್ಟೆಯನ್ನೇ ನೋಡುತ್ತ ಕುಳಿತಳು. "ಇದನ್ನ ಯಾವಾಗ ಕಲ್ತಿ?"

"ಏಳು ವರ್ಷದಾಕಿ ಇದ್ದೆನ್ರಿ. ಅವ್ವ ಬಟ್ಟಿ ಹೊಲದು ಮನಿ ನಡಸ್ತಿದ್ಳು. ಒಂದ್ ಖಣ ಕೆಡಸಿದ್ರ ಗಜದ ಪಟ್ಟಿಲೆ ಹೊಡೀತಿದ್ಳು. ಎಷ್ಟ್ ಕೆಡಸೀನಿ, ಎಷ್ಟ್ ತಿಂದೀನಿ!" ಎಂದು ನಕ್ಕಳು. ಕತ್ತರಿಯ ಹಿಡಿಕೆ ತಿಕ್ಕಿ ತಿಕ್ಕಿ ಅವಳ ಹೆಬ್ಬೆರಳ ಬುಡ ಗಟ್ಟಿಯಾಗಿ ಕಪ್ಪಿಟ್ಟಿತ್ತು.

ಹೊಟ್ಟೆಯ ಉರಿ ಆರಲಿಲ್ಲ. ಆದರೂ ಕಮಲಾಕ್ಷಿ ತನ್ನ ಅಂಕಗಳ ಕಾಗದವನ್ನು ನಾಲ್ಕು ಮಡಿಕೆ ಮಾಡಿ, ಕತ್ತರಿ ಎಳೆದುಕೊಂಡು ಮಡಿಕೆಯ ಅಂಚಿಗೊಂದು ಕಚ್ಚು ಹಾಕಿದಳು.

"ಬ್ಯುರೆಟ್ ಕೊಳವಿ ಮೊದಲ ಯಾತರಿಂದ ತೊಳೀಬೇಕು, ಹೇಳು."

"ನೀರಿಂದ್ರಿ."

"ಆಮ್ಯಾಲೆ?"

ಶಿವದೇವಿ ಯೋಚಿಸತೊಡಗಿದಳು. ಕಮಲಾಕ್ಷಿ, ಪದರಕ್ಕೊಂದರಂತೆ ನಾಲ್ಕು ತೂತು ಇರಬೇಕೆಂದುಕೊಂಡು, ಮೆಲ್ಲಗೆ ಕಾಗದ ಬಿಚ್ಚಿದಳು. ಎರಡೇ ಇದ್ದವು.