ಒಂದು ಮಿಸ್‌ಕಾಲ್ ಅಂದ್ರ ಮುಟ್ಟೇನಿ

ಮಣ್ಣಿಗೆ ಬಂದ ನೆಂಟರೆಲ್ಲ ಹೋದ ಮೇಲಿನ ಮೊದಲ ಮುಂಜಾನೆ, ಅಂಕಲಿಯ ಆ ಮನೆಗೆ ಎಂದಿನಂತೆ ನಳದ ನೀರು ಬಂತು. ಸ್ನೇಹಲ ಎಂದಿನಂತೆ ಕೊಡ ತುಂಬಿದಳು. ಚಹಾಕ್ಕೆ ಮೂರು ಕಪ್ಪು ಇಟ್ಟವಳು ಒಂದನ್ನು ತೆಗೆದು ಬೋರಲು ಹಾಕಿದಳು. ಅಳು ಬರಲಿಲ್ಲ. ಧಾರವಾಡದಲ್ಲಿ ಓದಿದವಳ ಎದೆ ಕಲ್ಲು ಎಂದು ನೆಂಟರು ಆಡಿಕೊಂಡೇ ಹೋಗಿದ್ದರು.

ಗಂಡ ಸುಧೀರನ ಹೆಣದೊಂದಿಗೆ ಮನೆಗೆ ಬಂದ ಅವನ ಮೊಬೈಲು ಇನ್ನೂ ಚಾರ್ಜಿಗಿತ್ತು. ತನ್ನ ಚಾರ್ಜರ್ ಕೆಟ್ಟಿತೆಂದು ಪಕ್ಕದ ಮನೆಯ ಭಾವುಸಾಹೇಬ ಕಾಕಾನದನ್ನು ಅವನು ಕೇಳಿ ತಂದಿದ್ದ.

ಲಗ್ನವಾದ ಹೊಸದರಲ್ಲಿ, ಅವನ ನೌಕರಿಯಿದ್ದ ನಿಪ್ಪಾಣಿಯಲ್ಲೇ ಮನೆ ಹಿಡಿಯೋಣ ಎಂದಿದ್ದಳು. ಅದೇ ವರ್ಷ ಊರಿಗೆ ಟವರ್ ಬಂತು.

"ಮನಿ ಯಾಕ ಬಿಡೂದು? ಫೋನ್ ಐತೆಲ್ಲ! ಒಂದು ಮಿಸ್‌ಕಾಲ್ ಅಂದ್ರ ಮುಟ್ಟೇನಿ. ಎರಡಂದ್ರ ಹೊಂಟೇನಿ, ರೊಟ್ಟಿ ಬಡಿ."

"ಮೂರು ಬಂದ್ರ?"

"ಸಾಹೇಬ ಬೈದಾನಂತ ತಿಳಿ."

ನಕ್ಕರು. ಬಾಡಿಗೆ ಮನೆಯ ಮಾತು ಅಲ್ಲಿಗೇ ನಿಂತಿತು.

ಅವನು ಕೊನೆಯ ಸಲ ಕೆಲಸಕ್ಕೆ ಹೋದ ಆ ದಿನ ರಿಂಗು ಎಂದಿಗಿಂತ ಉದ್ದವಾಗಿ ಬಾರಿಸಿತು. ಎತ್ತಿದರೆ ಅವನ ಬ್ಯಾಲೆನ್ಸ್ ಹೋಗುತ್ತದೆ. ಎತ್ತಬಾರದೆಂಬುದೇ ಅವರ ರೂಢಿ. ಕಟ್ ಮಾಡುವುದನ್ನು ಮರೆತಿದ್ದಾನೆ, ಅಂತೂ ನಿಪ್ಪಾಣಿ ಮುಟ್ಟಿದ ಎಂದುಕೊಂಡು ಬಟ್ಟೆ ಒಗೆಯಲು ಕೂತಳು. ಚಿಕ್ಕೋಡಿ ದಾಟಿದ ತಿರುವಿನಲ್ಲಿ ಬೈಕಿನಿಂದ ಬಿದ್ದವನು ಹಚ್ಚಿದ ಫೋನು ಅದು. ಯಾರೋ ಕಂಡು ಅವನನ್ನು ಎತ್ತುವ ಹೊತ್ತಿಗೆ ಜೀವ ಇರಲಿಲ್ಲ.

ಅತ್ತೆ ಅಕ್ಕುತಾಯಿ ಚಹಾ ಊದುತ್ತ ಅಂದಳು: "ನಿಪ್ಪಾಣಿ ಕಾಲೇಜಿನವ್ರು ಕಲಿಸಾಕ ಕರದಾರಲ್ಲ, ಹೋಗವ್ವಾ. ಅಲ್ಲೇ ಒಂದು ಖೋಲಿ ಹಿಡಿ."

"ಮತ್ತ ನೀವು?"

"ನನಗೇನ್ ಆಗೈತಿ? ಅವನ ಫೋನ್ ನನ್ನ ಕಡೆ ಇರ್ತೈತಿ. ಮುಟ್ಟಿದ ಮ್ಯಾಲ ಒಂದು ಮಿಸ್‌ಕಾಲ್ ಕೊಡು, ಸಾಕು."

ಸ್ನೇಹಲ ಕಪ್ಪು ಕೆಳಗಿಟ್ಟಳು. "ಇಲ್ಲತ್ತೀ. ಹೋದ್ರ ಇಬ್ರೂ ಹೋಗೂಣು. ಇಲ್ಲಂದ್ರ ನಾನೂ ಒಲ್ಲೆ."

"ಆ ಖೋಲ್ಯಾಗ ನನ್ನ ಆಡು ಎಲ್ಲಿ ಕಟ್ಲಿ?"

"ಮಂಚದ ಕಾಲಿಗೆ ಕಟ್ರಿ."

ಮುದುಕಿ ಫಕ್ಕನೆ ನಕ್ಕಳು. ನಕ್ಕದ್ದಕ್ಕೆ ನಾಚಿ ಸೆರಗು ಬಾಯಿಗಿಟ್ಟು ಅತ್ತಳು. ಒಲ್ಲೆ ಅನ್ನಲಿಲ್ಲ.

ಸ್ನೇಹಲ ಚಾರ್ಜರ್ ಕಿತ್ತು, ವೈರು ಸುತ್ತಿ, ಪಕ್ಕದ ಮನೆಗೆ ನಡೆದಳು.

"ಇರ್ಲಿ ಬಿಡವ್ವಾ," ಅಂದ ಭಾವುಸಾಹೇಬ, "ಅವನ ಫೋನಿಗೆ ಬೇಕಾಗ್ತೈತಿ."

"ಬ್ಯಾಡ್ರಿ ಕಾಕಾ. ನಾನು, ಅತ್ತಿ ಇಬ್ರೂ ಒಂದಽ ಕಡೆ ಇರಾವ್ರು."

ಇನ್ನೂ ಬೆಚ್ಚಗಿದ್ದ ಚಾರ್ಜರನ್ನು ಅವನ ಅಂಗೈಯಲ್ಲಿಟ್ಟಳು.