ಹೊಳೆಯಾಚೆಯ ಪದಕ

ಹೆಸರು ಹೇಳಬೇಕಾದ ಅಗತ್ಯವಿಲ್ಲದ ಒಂದು ರಾಜ್ಯದಲ್ಲಿ ಬೊಮ್ಮರಸನೆಂಬ ದಳವಾಯಿಯಿದ್ದ. ದನ ಕಾಯುವವರ ಮನೆಯಲ್ಲಿ ಹುಟ್ಟಿ, ಅರಮನೆಯ ಲಾಯಕ್ಕೆ ಹುಲ್ಲು ಹೊತ್ತು, ಈಟಿ ಹಿಡಿದು, ದಂಡು ನಡೆಸಿ, ಕೊನೆಗೆ ಅರಸನ ಬಲಗಡೆ ಕೂರುವ ಮಟ್ಟಕ್ಕೆ ಏರಿದವನು. ಅವನ ಎದೆಯ ಮೇಲೆ ಇನ್ನೊಂದು ಪದಕಕ್ಕೆ ಜಾಗವಿರಲಿಲ್ಲ. ಅವನ ಕೀರ್ತಿಗೆ ಮೊದಲ ಮೆಟ್ಟಿಲಾದದ್ದು ಹೊಳೆಯಾಚೆಯ ಹೊನ್ನಗುಡ್ಡೆ ಎಂಬ ಹಳ್ಳಿ. ಸುಡು ಎಂದು ಅರಸನ ಅಪ್ಪಣೆಯಾಯಿತು, ಸುಟ್ಟ. ಏಕೆಂದು ಕೇಳಲಿಲ್ಲ. ಕೇಳದಿರುವುದೇ ಇವನ ದೊಡ್ಡ ಗುಣವೆಂದು ಅರಸ ತುಂಬಿದ ಸಭೆಯಲ್ಲಿ ಹೊಗಳಿದ.

ಬೊಮ್ಮರಸನ ತಲೆ ನರೆತ ಮೇಲೆ ಒಂದು ದಿನ ಹೊಳೆಯಾಚೆಯಿಂದ ರಾಯಭಾರಿಯೊಬ್ಬ ಬಂದ. ಅವನ ಕೈಯ ತಟ್ಟೆಯಲ್ಲಿ ಚಿನ್ನದ ಪದಕವಿತ್ತು.

"ದಳವಾಯಿಗಳಿಗೆ ನಮ್ಮ ರಾಜ್ಯದ ಅತಿ ದೊಡ್ಡ ಮರ್ಯಾದೆ" ಎಂದ.

ಬೊಮ್ಮರಸ ಬೆಪ್ಪಾದ. "ನನಗೆ? ಹೊನ್ನಗುಡ್ಡೆಯನ್ನು ಸುಟ್ಟವನು ನಾನು."

"ಅದಕ್ಕೇ. ಆಗ ನಮ್ಮದು ರಾಜ್ಯವೇ ಆಗಿರಲಿಲ್ಲ. ಕೆರೆಯ ನೀರಿಗೆ, ಮೇವಿನ ಮಾಳಕ್ಕೆ ಒಬ್ಬರ ತಲೆ ಒಬ್ಬರು ಒಡೆಯುತ್ತಿದ್ದ ಹಳ್ಳಿಗಳು. ಹೊನ್ನಗುಡ್ಡೆಯ ಬೂದಿ ನೋಡಲು ಎಲ್ಲ ಕಡೆಯಿಂದಲೂ ಜನ ಬಂದರು, ಒಟ್ಟಿಗೆ ಕೂತು ಅತ್ತರು. ಎದ್ದಾಗ ಒಂದಾಗಿದ್ದರು. ಈಗ ನಮಗೊಬ್ಬ ಅರಸನಿದ್ದಾನೆ, ದಂಡಿದೆ. ನನ್ನ ತಾಯಿ ಆ ಬೆಂಕಿಯಲ್ಲೇ ಬೆಂದಳು. ಆದರೂ ತಮಗೆ ಕೈಮುಗಿಯಲು ಬಂದಿದ್ದೇನೆ."

ಅರಸ ಸಿಡಿದೇಳುತ್ತಾನೆಂದು ಬೊಮ್ಮರಸ ಅತ್ತ ನೋಡಿದ. ಅರಸನ ಮುಖದಲ್ಲಿ ಸಿಟ್ಟಿರಲಿಲ್ಲ. ಬಹಳ ದಿನದಿಂದ ಬಿಡಿಸಲಾಗದ ಗಂಟನ್ನು ಯಾರೋ ಬಿಡಿಸಿ ತೋರಿಸಿದಂತೆ ಕಣ್ಣರಳಿಸಿ ಕೂತಿದ್ದ. ಆ ದಿನಗಳಲ್ಲಿ ಅವನ ಪ್ರಜೆಗಳೂ ಒಡೆದುಹೋಗಿದ್ದರು. ಪೇಟೆಯವರು ಹಳ್ಳಿಯವರಿಗೆ ಉಪ್ಪು ಮಾರುತ್ತಿರಲಿಲ್ಲ. ಹಳ್ಳಿಯವರು ಕಂದಾಯ ಕಟ್ಟುತ್ತಿರಲಿಲ್ಲ. ಅರಮನೆಯ ಬಾಗಿಲಿಗೆ ಕಲ್ಲು ಬೀಳುತ್ತಿದ್ದವು.

ಮರುದಿನ ಬೆಳಿಗ್ಗೆ ಅರಸ ಬೊಮ್ಮರಸನೊಬ್ಬನನ್ನೇ ಕರೆಸಿದ.

"ನಮಗೂ ಅಂಥ ಬೂದಿ ಬೇಕು, ಬೊಮ್ಮರಸ."

"ಮಹಾಪ್ರಭು?"

"ಎಲ್ಲರೂ ಅಳುವಂಥ ಊರು ಬೀಳಬೇಕು. ಪೇಟೆ, ಹಳ್ಳಿ ಎನ್ನದೆ ಎಲ್ಲರಿಗೂ ಪ್ರೀತಿಯೆಂದರೆ ನೀನೊಬ್ಬನೇ. ನಿನ್ನ ಹುಟ್ಟೂರಿಗಿಂತ ಒಳ್ಳೆಯ ಊರು ಎಲ್ಲಿ ಸಿಕ್ಕೀತು?"

"ಸುಡುವವರು ಯಾರು?"

"ನಾವಲ್ಲ. ನಿನ್ನ ಊರ ಮುಂದಿನ ಹೊಳೆದಾರಿಯ ಕಾವಲು ನಿನ್ನೆಯೇ ತೆಗೆಸಿದ್ದೇನೆ. ರಾಯಭಾರಿ ಆ ದಾರಿಯಲ್ಲೇ ಹಿಂತಿರುಗಿದ. ತಾಯಿಯನ್ನು ಕಳೆದುಕೊಂಡವನು ಕಣ್ಣು ಮುಚ್ಚಿಕೊಂಡು ಹೋಗುತ್ತಾನೆಯೇ?"

ಜೀವಮಾನವಿಡೀ ಅಂಥ ಮಾತಿಗೆ "ಅಪ್ಪಣೆ" ಎಂದಿದ್ದ ನಾಲಿಗೆ ಹೊರಳಲಿಲ್ಲ. "ಏಕೆ?" ಎಂದುಬಿಟ್ಟ.

ಅರಸನಿಗೆ ನಿಜಕ್ಕೂ ನೋವಾಯಿತು. "ನೀನು ಕೇಳುವವನಲ್ಲವಲ್ಲ!" ಎಂದ.

ಬೊಮ್ಮರಸ ಕುದುರೆ ಹತ್ತಿದವನು ಊರು ಮುಟ್ಟುವವರೆಗೆ ಇಳಿಯಲಿಲ್ಲ. ಅಕ್ಕ ಮಲ್ಲಾಜಮ್ಮ ಅಂಗಳದಲ್ಲಿ ರಾಗಿ ಕೇರುತ್ತಿದ್ದಳು.

"ಅಕ್ಕಾ, ಏಳು. ಈಗಲೇ ಊರು ಬಿಡಬೇಕು."

"ಯಾಕೋ ತಮ್ಮಾ, ಹಿಂಗೆ ಏದುಸಿರು ಬಿಡ್ತೀಯ? ಮೊದಲು ಮುಖ ತೊಳಕೋ. ಮಜ್ಜಿಗೆ ಕೊಡ್ತೀನಿ."

ಅಷ್ಟರಲ್ಲಿ ಊರೆಲ್ಲ ನೆರೆಯಿತು. ಬೊಮ್ಮರಸ ನಡೆದದ್ದನ್ನೆಲ್ಲ ಹೇಳಿದ. ಕೇಳಿ ಮುಗಿಸಿದ ಊರಗೌಡ ಹೊಟ್ಟೆ ಹಿಡಿದು ನಕ್ಕ. "ದಳವಾಯಿಗಳು ನಮ್ಮ ಎದೆಗಾರಿಕೆ ಪರೀಕ್ಷೆ ಮಾಡ್ತಾವ್ರೆ! ನಿಮ್ಮ ಹೆಸರು ಹೇಳಿದ್ರೆ ಹೊಳೆಯಾಚೆ ಅಳೋ ಕೂಸು ಬಾಯಿ ಮುಚ್ಚುತ್ತೆ ಬುದ್ಧೀ. ನೀವು ಹುಟ್ಟಿದ ಊರಿಗೆ ಯಾರು ಕಾಲಿಟ್ಟಾರು?"

"ಅರಸನೇ ಕಾವಲು ತೆಗೆಸಿದ್ದಾನೆ, ಗೌಡ!"

"ನಿಮ್ಮನ್ನ ಮಗನ ಹಂಗೆ ಸಾಕಿದ ಅರಸನಾ?" ಈ ಸಲ ಊರೆಲ್ಲ ನಕ್ಕಿತು.

ಬೊಮ್ಮರಸ ಅಕ್ಕನ ಕೈ ಹಿಡಿದು ಎಳೆದ. ಅವಳು ಕೊಸರಿಕೊಂಡಳು. "ಬಿಡೋ, ಜನ ನೋಡ್ತಾರೆ" ಎಂದು ದನಿ ತಗ್ಗಿಸಿದಳು. "ನಿನ್ನ ನೋಡಿಯೇ ಇವರೆಲ್ಲ ನಿಶ್ಚಿಂತೆಯಿಂದ ಬದುಕಿರೋದು. ನಿನಗೆ ಹೆದರಿಕೆ ಆಗುತ್ತೆ ಅಂತ ಇವರಿಗೆ ತೋರಿಸಬೇಡ."

ಅವನು ಬೇಡಿಕೊಂಡ, ಬೈದ, ಕೊನೆಗೆ ಮಣ್ಣಿನಲ್ಲಿ ಮಂಡಿಯೂರಿದ. ಎಂಥ ದೊಡ್ಡ ಮನುಷ್ಯ, ಹುಟ್ಟಿದ ನೆಲಕ್ಕೆ ಹೇಗೆ ನಮಸ್ಕಾರ ಮಾಡುತ್ತಾನೆ ನೋಡಿ ಎಂದು ಮುದುಕಿಯರು ಕಣ್ಣೊರೆಸಿಕೊಂಡರು.

ಹೊತ್ತು ನೆತ್ತಿಗೇರುವ ಹೊತ್ತಿಗೆ ಹೊಳೆಯ ಕಡೆ ಧೂಳೆದ್ದಿತು. ಧೂಳಿನೊಳಗೆ ಈಟಿಗಳು ಹೊಳೆದವು.

"ಅರಸರು ದಂಡು ಕಳಿಸವ್ರೆ! ದಳವಾಯಿಗಳ ಮೆರವಣಿಗೆಗೆ!" ಎಂದು ಯಾರೋ ಕೂಗಿದರು. ತಮಟೆ ಹೊರಬಂತು. ಮಲ್ಲಾಜಮ್ಮ ಸೆರಗು ಸರಿಮಾಡಿಕೊಂಡು ಆರತಿ ತಟ್ಟೆಗೆ ಕುಂಕುಮದ ನೀರು ಕಲಸಿದಳು. ಹೆಂಗಸರು, ಮಕ್ಕಳು ಎಲ್ಲರೂ ಹೊಳೆಯತ್ತ ನುಗ್ಗಿದರು.

ಬೊಮ್ಮರಸ ಕತ್ತಿ ಹಿರಿದು, "ನಿಲ್ಲಿ! ಹಿಂದಕ್ಕೆ ಹೋಗಿ!" ಎಂದು ಅರಚುತ್ತ ಅವರನ್ನೆಲ್ಲ ತಳ್ಳಿಕೊಂಡು ಮುಂದೆ ಓಡಿದ. ಜನ ಜೈಕಾರ ಹಾಕುತ್ತ ಅವನಿಗೆ ದಾರಿ ಬಿಟ್ಟರು.